ಮಸೀದಿ ಕಟ್ಟಿಸಿದವಳು ಯಾರು?

ಇಸ್ತಾಂಬುಲ್ ನೋಡಿ ಬಂದವರ ಬಾಯಲ್ಲಿ ಒಂದು ಕಥೆ ತಪ್ಪದೆ ಬರುತ್ತದೆ. ಸುಲ್ತಾನ್ ಸುಲೈಮಾನನ ಮಗಳು ಮಿಹ್ರಿಮಾಳನ್ನು ಮಹಾಶಿಲ್ಪಿ ಸಿನಾನ್ ಪ್ರೀತಿಸಿದನಂತೆ. ಅವಳಿಗೆ ಹದಿನೇಳು, ಅವನಿಗೆ ಐವತ್ತು. ಹುಡುಗಿಯನ್ನು ರುಸ್ತುಂ ಪಾಶಾನಿಗೆ ಕೊಟ್ಟರು. ಮನಸ್ಸು ಮುರಿದ ಸಿನಾನ್ ಅವಳ ಹೆಸರಲ್ಲಿ ಊರಿನ ಎರಡು ತುದಿಗಳಲ್ಲಿ ಎರಡು ಮಸೀದಿ ಕಟ್ಟಿದ. ಎರಡನೆಯದನ್ನಂತೂ ಯಾರ ಅಪ್ಪಣೆಯೂ ಇಲ್ಲದೆ ಕಟ್ಟಿದನಂತೆ. ಮಿಹ್ರ್ ಅಂದರೆ ಸೂರ್ಯ, ಮಾಹ್ ಅಂದರೆ ಚಂದ್ರ. ಅವಳ ಜನ್ಮದಿನವಾದ ಮಾರ್ಚ್ 21ರ ಸಂಜೆ ಒಂದು ಮಸೀದಿಯ ಹಿಂದೆ ಸೂರ್ಯ ಮುಳುಗುವಾಗ ಇನ್ನೊಂದರ ಮಿನಾರುಗಳ ನಡುವೆ ಚಂದ್ರ ಮೂಡುತ್ತಾನಂತೆ.

ಕಥೆ ಬರೆಯುವ ನಮಗೆ ಇದರ ಚೆಲುವು ಕಾಣದೇ ಇಲ್ಲ. ಆದರೆ ಈದ್‌ನ ಚಂದ್ರನಿಗಾಗಿ ಕತ್ತು ಎತ್ತಿ ಕಾದವರಿಗೆ ಒಂದು ಅನುಮಾನ ಬರಲೇಬೇಕು. ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೂಡುವುದು ಹುಣ್ಣಿಮೆಯಂದು. ಹುಣ್ಣಿಮೆ ಪ್ರತಿ ವರ್ಷ ಒಂದೇ ತಾರೀಖಿಗೆ ಬರುತ್ತದೆಯೆ? ಇನ್ನು ಮಾರ್ಚ್ 21ರ ಮಾತು. ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗ ಯುರೋಪಿನಲ್ಲೇ ಜಾರಿಗೆ ಬಂದದ್ದು 1582ರಲ್ಲಿ. ಮಿಹ್ರಿಮಾ ತೀರಿಕೊಂಡದ್ದು 1578ರಲ್ಲಿ. ಸಿನಾನ್ ತನ್ನ ಮುಪ್ಪಿನಲ್ಲಿ ಕವಿ ಮುಸ್ತಫಾ ಸಾಯಿಗೆ ಹೇಳಿ ಬರೆಸಿದ ಆತ್ಮವೃತ್ತಾಂತದಲ್ಲಿ ಈ ಪ್ರೇಮದ ಸುಳಿವಿಲ್ಲ. ಅವನ ಕಟ್ಟಡಗಳ ಪಟ್ಟಿಯಲ್ಲಿ ಎರಡೂ ಮಸೀದಿಗಳು ರಾಜಕುಮಾರಿಯ ಹೆಸರಿನಲ್ಲೇ ಇವೆ. ಅಂದರೆ ಕಟ್ಟಿಸಿದವಳು ಅವಳು, ಕಟ್ಟಿದವನು ಅವನು. ಕದ್ದುಮುಚ್ಚಿ ಕಟ್ಟುವ ಪ್ರಶ್ನೆ ಎಲ್ಲಿಯದು?

ನಮ್ಮ ತಕರಾರು ಕಥೆ ಸುಳ್ಳೆಂಬುದಕ್ಕಲ್ಲ. ಸುಳ್ಳು ಹೇಳದೆ ಕಥೆಗಾರನ ಸಂಸಾರ ನಡೆಯುವುದಿಲ್ಲ. ಈ ಕಥೆ ಒಬ್ಬ ಹೆಣ್ಣಿನ ಕೈಯಿಂದ ಅವಳ ಕೆಲಸವನ್ನು ಕಿತ್ತುಕೊಂಡು ಅವಳ ಕೈಗೆ ಕನ್ನಡಿ ಕೊಟ್ಟು ಕೂರಿಸುತ್ತದೆ ಎಂಬುದೇ ನಮ್ಮ ತಕರಾರು. ಕಟ್ಟಿಸಿದವಳು ಕಟ್ಟಿದವನ ವಿರಹಕ್ಕೆ ನೆಪವಾಗಿಬಿಡುತ್ತಾಳೆ.

ಮಿಹ್ರಿಮಾ ಹುಟ್ಟಿದ್ದು 1522ರಲ್ಲಿ, ಸುಲೈಮಾನ್ ಮತ್ತು ಹುರ್ರೆಮ್ ದಂಪತಿಗೆ. ರುಸ್ತುಂ ಪಾಶಾನೊಂದಿಗೆ ನಿಕಾಹ್ ಆದದ್ದು 1539ರಲ್ಲಿ. ಸಿನಾನ್ ಆಸ್ಥಾನದ ಮುಖ್ಯ ಶಿಲ್ಪಿಯಾದದ್ದೂ ಸರಿಸುಮಾರು ಆಗಲೇ. ಪ್ರೇಮಕಥೆಗೆ ಬೀಜ ಸಿಕ್ಕಿದ್ದು ಇಲ್ಲಿಯೇ ಇರಬೇಕು. ಉಸ್ಕುದಾರ್‌ನ ಮಸೀದಿ ಮುಗಿದದ್ದು ಹಿಜರಿ 954ರಲ್ಲಿ, ಅಂದರೆ 1548ರ ಹೊತ್ತಿಗೆ. ಆಗ ಅವಳಿಗೆ ಇಪ್ಪತ್ತಾರರ ಆಸುಪಾಸು. ಅದಕ್ಕೆ ಎರಡು ಮಿನಾರುಗಳು. ಇದು ಸಣ್ಣ ಮಾತಲ್ಲ. ವಜೀರರಿಗೆ ಒಂದೇ ಮಿನಾರು. ಎರಡು ಎತ್ತುವ ಹಕ್ಕು ಸುಲ್ತಾನನ ಮನೆತನದ್ದು. ಗಂಡ ವಜೀರೆ ಆಜಮ್ ಆಗಿದ್ದರೂ ಅವನಿಗಿಲ್ಲದ ಎರಡನೆಯ ಮಿನಾರು ಹೆಂಡತಿಗಿತ್ತು.

ಜಾಗದ ಆಯ್ಕೆಯನ್ನು ನೋಡಿ. ಉಸ್ಕುದಾರ್ ಇರುವುದು ಏಷ್ಯಾದ ದಡದಲ್ಲಿ, ದೋಣಿ ನಿಲ್ಲುವ ಕಡೆ. ಜನ ಇಂದಿಗೂ ಅದನ್ನು 'ಇಸ್ಕೆಲೆ' ಮಸೀದಿ, ಅಂದರೆ ದೋಣಿಕಟ್ಟೆಯ ಮಸೀದಿ ಎನ್ನುತ್ತಾರೆ. ಅನಾತೋಲಿಯಾದ ದಾರಿ, ಹಜ್‌ನ ದಾರಿ ಶುರುವಾಗುತ್ತಿದ್ದುದು ಅಲ್ಲಿಂದ. ಆದ್ದರಿಂದ ಮಸೀದಿಯ ಜೊತೆಗೆ ಮದ್ರಸಾ, ಮಕ್ಕಳ ಶಾಲೆ, ಊಟ ಹಾಕುವ ಇಮಾರತ್, ಪ್ರಯಾಣಿಕರು ತಂಗುವ ಮನೆ ಎಲ್ಲ ಎದ್ದವು. ಎರಡನೆಯದು 1560ರ ದಶಕದ್ದು, ಎದಿರ್ನೆಕಾಪಿಯಲ್ಲಿ. ಹೆಸರೇ ಹೇಳುವಂತೆ ಅದು ಎದಿರ್ನೆ ಕಡೆಗೆ ತೆರೆಯುವ ಕೋಟೆಬಾಗಿಲು, ಯುರೋಪಿನ ದಾರಿ. ದೋಣಿಯಲ್ಲಿ ಬಂದವನಿಗೂ ಕುದುರೆಯ ಮೇಲೆ ಬಂದವನಿಗೂ ಮೊದಲು ಕಾಣಬೇಕಾದದ್ದು ಸುಲ್ತಾನನ ಮಗಳ ಗುಂಬಜು. ಸೂರ್ಯ ಚಂದ್ರರನ್ನು ಹಿಡಿದು ತರದೆಯೇ ಎರಡು ತುದಿಗಳ ಗುಟ್ಟು ಇಷ್ಟು ಸರಳವಾಗಿದೆ.

ಎದಿರ್ನೆಕಾಪಿಯ ಒಳಗೆ ಬೆಳಕೇ ಬೆಳಕು. ಸುಮಾರು 20 ಮೀಟರ್ ಅಗಲದ ಗುಂಬಜನ್ನು ನಾಲ್ಕು ಕಮಾನುಗಳು ಹೊತ್ತಿವೆ. ಭಾರವೆಲ್ಲ ಮೂಲೆಯ ಕಂಬಗಳಿಗೆ ಹೋಗುವುದರಿಂದ ಕಮಾನಿನ ಕೆಳಗಿನ ಗೋಡೆಗೆ ಹೊರುವ ಕೆಲಸವಿಲ್ಲ. ಅಲ್ಲಿ ಸಾಲು ಸಾಲು ಕಿಟಕಿಗಳನ್ನು ಇಡಲು ಸಾಧ್ಯವಾಯಿತು. ಭೂಕಂಪಗಳಲ್ಲಿ, 1999ರಲ್ಲೂ, ಪೆಟ್ಟು ತಿಂದು ಅದು ಮತ್ತೆ ಮತ್ತೆ ರಿಪೇರಿಯಾಗಿದೆ. ಮಾರ್ಗದರ್ಶಿಗಳು ಇಲ್ಲಿನ ಒಂಟಿ ಮಿನಾರನ್ನು ತೋರಿಸಿ ಸಿನಾನನ ಒಂಟಿತನ ಎನ್ನುತ್ತಾರೆ. ಕಟ್ಟೆಯ ಕೆಳಗಿನ ಅಂಗಡಿ ಸಾಲನ್ನು ಯಾರೂ ತೋರಿಸುವುದಿಲ್ಲ. ಮಸೀದಿಯ ದೀಪ, ಉಸ್ತಾದರ ಸಂಬಳ, ಬಡವರ ಅನ್ನ ನಡೆಯುತ್ತಿದ್ದುದು ಅಂಗಡಿ, ಹಮಾಮು, ಹಳ್ಳಿಗಳ ಉತ್ಪನ್ನವನ್ನು ವಕ್ಫ್ ಮಾಡಿದ್ದರಿಂದ.

ಉರ್ದು ಓದಿದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಮೀಮ್, ಹೇ, ರೇ ಈ ಮೂರು ಅಕ್ಷರಗಳಿಗೆ ಜೇರ್ ಹಾಕಿದರೆ ಮಿಹ್ರ್, ಸೂರ್ಯ; ಪ್ರೀತಿ ಎಂಬ ಅರ್ಥವೂ ಇದೆ. ಜಬರ್ ಹಾಕಿದರೆ ಮಹ್ರ್, ನಾವು ಮೆಹರ್ ಎನ್ನುವ ವಧುವಿನ ಹಕ್ಕಿನ ಧನ. ಪೇಶ್ ಹಾಕಿದರೆ ಮುಹ್ರ್, ದಸ್ತಾವೇಜಿನ ಮೊಹರು. ಲೋಕ ಅವಳ ಹೆಸರನ್ನು ಜೇರ್ ಹಾಕಿಯೇ ಓದಿತು. ಅವಳ ಬದುಕು ಇದ್ದದ್ದು ಉಳಿದೆರಡರಲ್ಲಿ. ತನ್ನ ಹೆಸರಿನ ಆಸ್ತಿ ತನ್ನದೇ, ಗಂಡನದಲ್ಲ ಎಂಬ ಶರೀಅತ್‌ನ ನಿಯಮವನ್ನು ಕಲ್ಲು ಸುಣ್ಣದಲ್ಲಿ ತೋರಿಸಿದವಳು ಆಕೆ.

ಹಾಗೆಂದು ಆಕೆಯನ್ನು ವಲಿಯಾಗಿಸುವ ಅಗತ್ಯವೂ ಇಲ್ಲ. ರುಸ್ತುಂ ಪಾಶಾನಿಗೆ ಲಂಚದ ಕೆಟ್ಟ ಹೆಸರಿತ್ತು. 1553ರಲ್ಲಿ ಸುಲೈಮಾನ್ ತನ್ನ ಹಿರಿಮಗ ಮುಸ್ತಫಾನನ್ನು ಕೊಲ್ಲಿಸಿದಾಗ ಜನ ಬೆರಳು ತೋರಿಸಿದ್ದು ಹುರ್ರೆಮ್ ಮತ್ತು ಈ ಅಳಿಯನ ಕಡೆಗೆ. ಮಗಳ ಹೆಸರೂ ಸೇರಿತು. ಹುರ್ರೆಮ್ 1558ರಲ್ಲಿ ತೀರಿಕೊಂಡ ಮೇಲೆ ತಂದೆಗೆ ಸಲಹೆಗಾರ್ತಿಯಾದವಳು, ಪೋಲೆಂಡಿನ ದೊರೆಗೆ ಕಾಗದ ಬರೆದವಳು, ತಮ್ಮ ಸಲೀಂ 1566ರಲ್ಲಿ ಗದ್ದುಗೆ ಏರಿದಾಗ ಸಾಲ ಕೊಟ್ಟವಳು ಆಕೆ. ಇಂಥವಳ ಕಥೆ ಬರೆಯಲು ವಿರಹಕ್ಕಿಂತ ಗಟ್ಟಿಯಾದ ಮಸಿ ಬೇಕು.

2014ರಲ್ಲಿ ಬಂದ ಎಲಿಫ್ ಶಫಾಕ್‌ರ 'ದಿ ಆರ್ಕಿಟೆಕ್ಟ್ಸ್ ಅಪ್ರೆಂಟಿಸ್' ಕಾದಂಬರಿಯನ್ನು ನಾವು ಆಸೆಯಿಂದ ಹಿಡಿದೆವು. ಲೇಖಕಿ ಜಾಣೆ, ಪ್ರೇಮವನ್ನು ಸಿನಾನನಿಂದ ತೆಗೆದು ಹಿಂದುಸ್ತಾನದ ಬಿಳಿಯಾನೆಯೊಂದಿಗೆ ಬಂದ ಮಾವುತ ಹುಡುಗ ಜಹಾನನಿಗೆ ಕೊಟ್ಟಿದ್ದಾರೆ. ಸಿನಾನನ ಕಸುಬಿನ ಚಿತ್ರಣ ಚೆನ್ನಾಗಿದೆ. ಆದರೆ ಪ್ರೇಮಿ ಬದಲಾದರೂ ಮಿಹ್ರಿಮಾಳ ಜಾಗ ಬದಲಾಗಲಿಲ್ಲ. ಆನೆ ನೋಡಲು ಬರುವ ರಾಜಕುಮಾರಿಯಾಗಿ ಆಕೆ ನಮ್ಮ ನೆನಪಿನಲ್ಲಿ ಉಳಿಯುತ್ತಾಳೆಯೇ ಹೊರತು ವಕ್ಫ್‌ನಾಮೆ ಬರೆಸಿದವಳಾಗಿ ಅಲ್ಲ. ಹೆಣ್ಣೊಬ್ಬಳ ಲೇಖನಿಯಲ್ಲೂ ಹೀಗಾದುದು ನಮ್ಮನ್ನು ಹೆಚ್ಚು ನೋಯಿಸಿತು.

ಮಕ್ಕಾದ ನೀರಿನ ವಿಷಯವೊಂದಿದೆ. ಹಾರೂನ್ ರಶೀದನ ಬೇಗಂ ತೋಡಿಸಿದ ನಹರೆ ಜುಬೈದಾ ಯಾರಿಗೆ ಗೊತ್ತಿಲ್ಲ? ಏಳೆಂಟು ನೂರು ವರ್ಷಗಳ ನಂತರ ಅದು ಹಾಳುಬಿದ್ದಾಗ ಅರಫಾತ್ ಕಡೆಯಿಂದ ಮಕ್ಕಾ ಪಟ್ಟಣದೊಳಗೆ ನೀರು ಹರಿಸುವ ಕೆಲಸದ ಖರ್ಚನ್ನು ಹೊತ್ತವಳು ಮಿಹ್ರಿಮಾ. ಬಂಡೆ ಒಡೆಯುವ ಆ ಕೆಲಸ ವರ್ಷಗಟ್ಟಲೆ ನಡೆದು ಸಲೀಂನ ಕಾಲದಲ್ಲಿ ಮುಗಿಯಿತು. ಕಾಲುವೆಗೆ ಹೆಸರು ಜುಬೈದಾಳದ್ದೇ ಉಳಿಯಿತು. ಅದರ ಬಗ್ಗೆ ಯಾವ ಮಾರ್ಗದರ್ಶಿಯೂ ಪ್ರೇಮಕಥೆ ಕಟ್ಟಿಲ್ಲ.