ಹೂಬುಟ್ಟಿ ಹಿಡಿದವರ ಹಾಡು

ಆಗಸ್ಟ್ 30ರಿಂದ ಒಂಬತ್ತು ದಿನ ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಿಗೆ ಮಕ್ಕಳು ಹೂಬುಟ್ಟಿ ಹಿಡಿದು ಬರುತ್ತಾರೆ. ಅಂಗಳದ ದಾಸವಾಳ, ಗೊಂಡೆ, ನೆರೆಮನೆಯವರನ್ನು ಕೇಳಿ ಕೊಯ್ದ ಹೂ, ಎಲ್ಲವೂ ಬಾಲಮರಿಯಮ್ಮನ ಪುಟ್ಟ ಪ್ರತಿಮೆಗೆ. ಹೂವೆರಚುತ್ತ ಅವರು ಹಾಡುವುದು ‘ಸಕ್ಕಡ್ ಸಾಂಗಾತಾ ಮೆಳ್ಯಾಂ’ ಎಂಬ ಕೊಂಕಣಿ ಹಾಡು. ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್, ಮರಿಯಮ್ಮ ಹುಟ್ಟಿದ ದಿನದ ಹಬ್ಬ.

ಮರಿಯಮ್ಮನ ಜನ್ಮದಿನವನ್ನು ಜಗತ್ತಿನ ಕಥೊಲಿಕರೆಲ್ಲ ಆಚರಿಸುತ್ತಾರೆ. ಅದಕ್ಕೆ ಹೊಸ ತೆನೆ ಸೇರಿದ್ದು ಈ ನೆಲದ ಬೇಸಾಯದಿಂದ. ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಇಗರ್ಜಿಯಲ್ಲಿ, ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಈ ಹಬ್ಬ ಶುರುಮಾಡಿದರೆಂದು ಸಮುದಾಯದ ಚರಿತ್ರೆ ಹೇಳುತ್ತದೆ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. ಹಾಗೆ ಚದುರಿ ಮತ್ತೆ ಕೂಡಿದವರ ಹಬ್ಬದಲ್ಲಿ ‘ಎಲ್ಲರೂ ಜತೆಯಾಗೋಣ’ ಎಂಬ ಆಶಯದ ಹಾಡಿಗೆ ತೂಕ ಹೆಚ್ಚು.

ಆದರೂ ಇದರ ಗುಣ ಚರಿತ್ರೆಯ ಬಲದ್ದಷ್ಟೇ ಅಲ್ಲ. ಮಕ್ಕಳಿಗೆಂದು ದೊಡ್ಡವರು ಬರೆಯುವ ಭಕ್ತಿಗೀತೆಗಳು ಬಹಳ ಸಲ ಬುದ್ಧಿವಾದಕ್ಕೆ ಇಳಿಯುತ್ತವೆ: ಒಳ್ಳೆಯವನಾಗು, ಹೇಳಿದ ಮಾತು ಕೇಳು. ಇಲ್ಲಿ ಕರೆಯುವವರೇ ಮಕ್ಕಳು. ಹಿರಿಯರು ಅವರ ಹಿಂದೆ ದನಿಗೂಡಿಸುತ್ತಾರೆ. ರಾಗ ಸರಳ, ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಕೈಗೂ ಕೆಲಸವಿದೆ. ಓದು ಬಾರದ ಮೂರು ವರ್ಷದ ಮಗುವೂ ಇದರಲ್ಲಿ ಪೂರ್ತಿ ಪಾಲುಗೊಳ್ಳಬಲ್ಲದು. ಮಕ್ಕಳ ಹಾಡೊಂದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಈ ಹಾಡಿನ ಮಾತುಗಳು ಪುಸ್ತಕದಲ್ಲಿ ಉಳಿಯಬಹುದು. 1954ರ ಕಾಯ್ದೆಯಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಕೋಲ್ಕತ್ತದ ಅಲಿಪುರದಲ್ಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಕನ್ನಡ ಲಿಪಿಯ ಕೊಂಕಣಿ ಗೀತಪುಸ್ತಕಕ್ಕೂ ಅದೇ ನಿಯಮ. ಅಲ್ಲಿನ ಕಪಾಟು ಸಾಹಿತ್ಯವನ್ನು ಕಾಪಾಡೀತು. ಯಾವ ಸಾಲಿಗೆ ಕೈಯೆತ್ತಬೇಕು, ಬುಟ್ಟಿ ಬೇಗ ಬರಿದಾಗದಂತೆ ಎಸಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಮಗು ಪಕ್ಕದ ಅಕ್ಕನನ್ನೋ ಅಣ್ಣನನ್ನೋ ನೋಡಿಯೇ ಕಲಿಯಬೇಕು.

ಆ ಕಲಿಕೆಗೇ ಈಗ ಅಡ್ಡಿ. ಗಾಯಕವೃಂದದ ಮೈಕು, ಕೀಬೋರ್ಡಿನ ಅಬ್ಬರ ಏರಿದ ಕಡೆ ಮಕ್ಕಳ ದನಿ ಕೇಳಿಸದು. ಅವರು ಹೂ ಎಸೆಯುವವರಾಗಿ ಮಾತ್ರ ಉಳಿಯುತ್ತಾರೆ. ಹೂವೂ ಪೇಟೆಯಿಂದಲೇ ಬಂದರೆ ಬೆಳಗ್ಗೆದ್ದು ಹಿತ್ತಿಲು ಸುತ್ತುವ, ನೆರೆಮನೆಯ ಬಾಗಿಲಲ್ಲಿ ನಿಂತು ಕೇಳುವ ಅಭ್ಯಾಸ ತಪ್ಪುತ್ತದೆ. ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳ ಫ್ಲ್ಯಾಟುಗಳಲ್ಲಿ ಬೇರೆ ದಾರಿಯಿಲ್ಲ, ನಿಜ. ಅಂಥಲ್ಲಿ ಕೊಂಕಣಿ ಸರಿಯಾಗಿ ಬಾರದ ಮಕ್ಕಳೂ ವರ್ಷಕ್ಕೊಮ್ಮೆ ಬಾಯ್ತುಂಬ ಆ ಭಾಷೆ ಆಡುವುದು ಈ ಹಾಡಿನಲ್ಲಿ. ಆದ್ದರಿಂದಲೇ ಮೊದಲ ಚರಣವನ್ನಾದರೂ ಮೈಕಿಲ್ಲದೆ, ವಾದ್ಯವಿಲ್ಲದೆ ಮಕ್ಕಳಿಗೇ ಬಿಡಬೇಕು. ಶ್ರುತಿ ತಪ್ಪಲಿ, ಒಬ್ಬರು ಮುಂದೆ ಓಡಲಿ, ಇನ್ನೊಬ್ಬರು ಹಿಂದುಳಿಯಲಿ. ಗಾಯಕವೃಂದ ಎರಡನೆಯ ಚರಣಕ್ಕೆ ಬಂದು ಸೇರಿಕೊಂಡರೆ ಸಾಕು.