ಹುಸೇನ್ ಸಾಬ್ ಬಿನ್ ದಾದಾಪೀರ್: ಕ್ರಯಪತ್ರದ ನಾಲ್ಕು ಸಾಲು

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಜಮೀನು ಕೈ ಬದಲಾದಾಗ ಬರೆಯುವ ಪತ್ರದ ಧಾಟಿಯಲ್ಲಿ ನಾಲ್ಕು ಸಾಲು ಇಲ್ಲಿವೆ. ಹೆಸರುಗಳು ವಿವರಣೆಗೆಂದು ಜೋಡಿಸಿಕೊಂಡವು, ಯಾವ ವ್ಯಕ್ತಿಯವೂ ಅಲ್ಲ.

1. ಬರೆದುಕೊಟ್ಟವರು: ಹುಸೇನ್ ಸಾಬ್

ಹುಸೇನ್ ಎಂಬುದು ಹಸನ್ ಎಂಬ ಅರಬ್ಬಿ ಹೆಸರಿನ ಮುದ್ದಿನ ರೂಪ. ಒಳ್ಳೆಯವನು, ಚೆಲುವ ಎಂಬ ಅರ್ಥ. ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಮೇಲೆ ಈ ಹೆಸರು ಲೋಕವೆಲ್ಲ ಹರಡಿತು. ಅರಬ್ಬಿ ಲಿಪಿಯಲ್ಲಿ ಇದಕ್ಕೆ ನಾಲ್ಕೇ ಅಕ್ಷರ: ಹೇ, ಸೀನ್, ಯೇ, ನೂನ್. ಹ್ರಸ್ವ ಸ್ವರಗಳನ್ನು ಆ ಲಿಪಿ ಸಾಮಾನ್ಯವಾಗಿ ಬರೆಯುವುದಿಲ್ಲ. ಓದುವವರ ನಾಲಿಗೆಯೇ ತುಂಬಿಕೊಳ್ಳಬೇಕು. ತುರ್ಕರು ತಮ್ಮ ಸ್ವರ ತುಂಬಿ 'ಹ್ಯೂಸೆಯಿನ್' ಎಂದರು. ಅವರೂ 1928ರವರೆಗೆ ಅರಬ್ಬಿ ಲಿಪಿಯಲ್ಲೇ ಬರೆಯುತ್ತಿದ್ದರಿಂದ ಇಸ್ತಾಂಬುಲ್ಲಿನ ಬರಹಕ್ಕೂ ನಮ್ಮೂರ ಉರ್ದು ಬರಹಕ್ಕೂ ಈ ಹೆಸರಿನಲ್ಲಿ ವ್ಯತ್ಯಾಸವಿರಲಿಲ್ಲ. ಇಂಗ್ಲಿಷಿನಲ್ಲಿ ಒಬ್ಬರು ಒಂದು 'ಎಸ್' ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಕೊನೆಗೆ 'ಎಐ'ಯೂ ಉಂಟು, 'ಇಐ'ಯೂ ಉಂಟು.

'ಸಾಬ್' ಎಂಬುದು ಸಾಹೇಬ್ ಸವೆದು ಆದದ್ದು. ಮರ್ಯಾದೆಯ ಈ ಮಾತನ್ನು ಅರ್ಜಿ ನಮೂನೆಗಳು ಮನೆತನದ ಹೆಸರಿನ ಕಾಲಂಗೆ ತಳ್ಳುತ್ತವೆ. ತುರ್ಕಿಯಲ್ಲಿ ಪ್ರತಿ ಮನೆಗೂ ಒಂದು ಮನೆತನದ ಹೆಸರಿರಲೇಬೇಕೆಂದು 1934ರಲ್ಲಿ ಕಾನೂನು ಬಂತು. ನಮ್ಮಲ್ಲಿ ಅಂಥ ಕಟ್ಟಳೆ ಇಲ್ಲ. ಇಲ್ಲಿ ಗುರುತು ಹೇಳುವುದು ಅಪ್ಪನ ಹೆಸರು.

2. ಬಿನ್ ದಾದಾಪೀರ್

'ಬಿನ್' ಎಂದರೆ ಅರಬ್ಬಿಯಲ್ಲಿ ಮಗ. 'ದಾದಾ' ಅಜ್ಜ, 'ಪೀರ್' ಹಿರಿಯ, ಗುರು. ಬಾಬಾಬುಡನ್‌ಗಿರಿಯ ಸಂತ ದಾದಾ ಹಯಾತರ ಹೆಸರಿನಲ್ಲಿರುವುದೂ ಇದೇ ದಾದಾ. ತುರ್ಕಿಯಲ್ಲಿ ಅಜ್ಜನಿಗೆ 'ದೆದೆ' ಎನ್ನುತ್ತಾರೆ. ಅಲ್ಲಿನ ಅಲೆವಿ ಪಂಥದವರು ತಮ್ಮ ಗುರುವನ್ನೂ ಹಾಗೆಯೇ ಕರೆಯುತ್ತಾರೆ.

3. ಬರೆಸಿಕೊಂಡವರು: ತಿಪ್ಪೇಸ್ವಾಮಿ ಬಿನ್ ಓಬಯ್ಯ

ನಾಲ್ಕರಲ್ಲಿ ಹೆಚ್ಚು ಹೊತ್ತು ನಿಂತು ಓದಬೇಕಾದ ಸಾಲು ಇದು. ತಿಪ್ಪೇಸ್ವಾಮಿ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರು. ಓಬಯ್ಯ ಓಬಳ ದೇವರ ಹೆಸರು. ಇಬ್ಬರ ನಡುವೆ ಅದೇ ಅರಬ್ಬಿಯ 'ಬಿನ್'. ಕಂದಾಯದ ಕಾಗದಗಳಲ್ಲಿ ಜಾತಿ, ಮತ ಯಾವುದೇ ಇರಲಿ, ಈ ಕಡೆ ಅಪ್ಪ ಮಕ್ಕಳನ್ನು ಕೂಡಿಸುವ ಮಾತು ಸಾಮಾನ್ಯವಾಗಿ ಇದೇ. ಪಹಣಿ ಹಿಡಿದ ರೈತ ಇದನ್ನು ಪರಭಾಷೆಯ ಮಾತೆಂದು ಎಣಿಸುವುದೇ ಇಲ್ಲ. ಹೆಂಡತಿಯ ಹೆಸರಿನ ಮುಂದೆ ಬರುವ 'ಕೋಂ' ಕೂಡ ಹೀಗೆಯೇ ಎಲ್ಲರದೂ ಆಗಿದೆ.

4. ಚಕ್ಕುಬಂದಿ: ಪೂರ್ವಕ್ಕೆ ಹುಸೇನಪ್ಪನ ಜಮೀನು

ಹುಸೇನಪ್ಪ ಹಿಂದೂ. ಮೊಳಕಾಲ್ಮೂರು ದಾಟಿ ಬಳ್ಳಾರಿ, ರಾಯಚೂರಿನ ಕಡೆ ಹೋದಂತೆ ಈ ಹೆಸರು ಹೆಚ್ಚು ಕೇಳುತ್ತದೆ. ಮೊಹರಂನಲ್ಲಿ ಪೀರಲ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಆ ಹೆಸರನ್ನೇ ಇಡುತ್ತಾರೆ, ಹೆಣ್ಣಾದರೆ ಹುಸೇನಮ್ಮ. ಪಕ್ಕದ ಅನಂತಪುರ ಸೀಮೆಯ ಗೂಗೂಡಿನಲ್ಲಿ ಕುಳ್ಳಾಯಸ್ವಾಮಿ ಎಂಬ ಪೀರಿಗೆ ಮೊಹರಂನಲ್ಲೇ ದೊಡ್ಡ ಉತ್ಸವ. ಕುಳ್ಳಾಯಪ್ಪ ಎಂಬ ಹೆಸರು ಆ ಪೀರಿನ ಒಕ್ಕಲಿನದು. ಕರ್ಬಲಾದ ಹೆಸರಿಗೆ ನಮ್ಮ 'ಅಪ್ಪ' ಸೇರಿದ ಮೇಲೆ ಅದು ಈ ನೆಲದ ಹೆಸರೇ ಸರಿ.

ತಾತ್ಪರ್ಯ

ಆಧಾರ್‌ನಲ್ಲಿ ಒಂದು ಕಾಗುಣಿತ, ಅಂಕಪಟ್ಟಿಯಲ್ಲಿ ಇನ್ನೊಂದು ಎಂದು ಹುಸೇನ್ ಹೆಸರಿನವರು ಅಫಿಡವಿಟ್ಟಿಗೆ ಅಲೆಯುವುದುಂಟು. ನಾಲ್ಕಕ್ಷರದ ಈ ಹೆಸರು ಭಾಷೆಯಿಂದ ಭಾಷೆಗೆ ಸ್ವರ ಬದಲಿಸುತ್ತಲೇ ಬಂದಿದೆ. ಇಂಗ್ಲಿಷಿನ ಒಂದಕ್ಷರದ ಹೆಚ್ಚುಕಡಿಮೆಯಿಂದ ಮನುಷ್ಯ ಬೇರೆಯಾಗುವುದಿಲ್ಲ. ದಾಖಲೆ ಬರೆಯುವವರು ಊರವರು ಕರೆಯುವಂತೆ ಮೊದಲು ಕನ್ನಡದಲ್ಲಿ ಬರೆಯಲಿ. ಮನೆಯವರು ಇಂಗ್ಲಿಷಿನ ಒಂದು ಕಾಗುಣಿತವನ್ನು ಮಗುವಿನ ಜನನ ಪತ್ರದಲ್ಲೇ ಗಟ್ಟಿ ಮಾಡಿಕೊಂಡು, ಮುಂದೆ ಎಲ್ಲ ಕಡೆಯೂ ಅದನ್ನೇ ಬರೆಸಲಿ.