ಪುಯೆಬ್ಲಾವರೆಗೆ ಬಲಗಡೆ, ಆಮೇಲೆ ಎಡಗಡೆ

ಮೆಕ್ಸಿಕೊ ಸಿಟಿಯಿಂದ ವೆರಾಕ್ರೂಸ್‌ಗೆ ನೇರ ಬಸ್ಸುಗಳು ಬೇಕಾದಷ್ಟಿವೆ. ಹತ್ತಬೇಡಿ. ಪುಯೆಬ್ಲಾಕ್ಕೊಂದು, ಅಲ್ಲಿಂದ ಮುಂದಕ್ಕೊಂದು ಎಂದು ಎರಡು ಟಿಕೆಟ್ ತೆಗೆಯಿರಿ. ಮೊದಲನೆಯದರಲ್ಲಿ ಬಲಗಡೆಯ ಕಿಟಕಿ, ಎರಡನೆಯದರಲ್ಲಿ ಎಡಗಡೆಯದು.

ಆ ದೇಶದಲ್ಲಿ ಬಸ್ಸಿಗೆ ಇಷ್ಟು ಮರ್ಯಾದೆ ಬಂದದ್ದಕ್ಕೆ ರೈಲು ಹೋದದ್ದೂ ಒಂದು ಕಾರಣ. 1990ರ ದಶಕದಲ್ಲಿ ಸರ್ಕಾರ ರೈಲ್ವೆಯನ್ನು ಖಾಸಗಿಯವರಿಗೆ ವಹಿಸಿತು. ಅವರಿಗೆ ಬೇಕಿದ್ದದ್ದು ಸರಕು, ಜನರಲ್ಲ. ಪ್ರಯಾಣಿಕರ ರೈಲುಗಳು ಒಂದೊಂದಾಗಿ ನಿಂತು, ಚಿವಾವಾದ ಕಣಿವೆಗಳಲ್ಲಿ ಓಡುವ ಚೆಪೆಯಂಥ ಕೆಲವೇ ಉಳಿದವು. (2023ರಲ್ಲಿ ಯುಕಟಾನ್ ಕಡೆ ಮಾಯಾ ರೈಲು ಶುರುವಾಯಿತು, ಅದರ ಜಗಳ ಇನ್ನೊಂದು ವಾರಕ್ಕಿರಲಿ.) ನಮ್ಮ ಕೆಎಸ್‌ಆರ್‌ಟಿಸಿಯಂಥದ್ದು ಅಲ್ಲಿಲ್ಲ. ಖಾಸಗಿ ಕಂಪನಿಗಳೇ ಸೀಮೆ ಹಂಚಿಕೊಂಡಂತೆ ಓಡಿಸುತ್ತವೆ. ಪೂರ್ವ ಮತ್ತು ದಕ್ಷಿಣದಲ್ಲಿ 1939ರಲ್ಲಿ ಹುಟ್ಟಿದ ಎಡಿಒದ್ದೇ ದರ್ಬಾರು. ರಾಜಧಾನಿಯ ದೊಡ್ಡ ನಿಲ್ದಾಣಗಳೂ ದಿಕ್ಕಿಗೊಂದು. ಪೂರ್ವಕ್ಕೆ ಹೊರಟವರು ಸಾನ್ ಲಾಸರೊ ಮೆಟ್ರೊ ಪಕ್ಕದ ಟಾಪೊಗೆ, ಅದರ ದುಂಡು ಗುಮ್ಮಟದ ಕೆಳಗೆ ಹೋಗಬೇಕು.

ಯಾವ ದರ್ಜೆ? ಎಡಿಒದ ದುಬಾರಿ ದರ್ಜೆಯಾದ ಪ್ಲಾಟಿನೊದಲ್ಲಿ ಒಂದು ಕಡೆ ಜೋಡಿ ಸೀಟು, ಇನ್ನೊಂದು ಕಡೆ ಒಂಟಿ. ಕಾಲು ಚಾಚಿ ಮಲಗಬಹುದು. ಅದೇ ನನ್ನ ತಕರಾರು. ಬಸ್ಸು ಹೊರಟದ್ದೇ ತಡ ಪರದೆ ಎಳೆದು ಎಲ್ಲರೂ ನಿದ್ದೆಗೆ ಜಾರುತ್ತಾರೆ. ಹಗಲಿಗೆ ಸಾದಾ ಮೊದಲ ದರ್ಜೆ ಧಾರಾಳವಾಯಿತು. ಎಸಿ ಮಾತ್ರ ಯಾವ ದರ್ಜೆಯಲ್ಲೂ ನಡುಗಿಸುತ್ತದೆ. ಸ್ವೆಟರನ್ನು ಡಿಕ್ಕಿಗೆ ಹಾಕುವ ಚೀಲದಲ್ಲಿಡಬೇಡಿ.

ಈಗ ಕಿಟಕಿಯ ವಿಚಾರ. ರಾಜಧಾನಿಯಿರುವುದೇ 2,240 ಮೀಟರ್ ಎತ್ತರದಲ್ಲಿ. ಅಲ್ಲಿಂದ ಟೋಲ್ ರಸ್ತೆ ಇನ್ನೂ ಹತ್ತಿ, 3,000 ಮೀಟರ್ ದಾಟಿ, ಪೈನ್ ಕಾಡು ಹೊಕ್ಕು ಆಚೆಗಿಳಿಯುತ್ತದೆ. ಬಲಗಡೆ ಹಿಮ ಹೊದ್ದ ಇಸ್ತಾಸಿವಾಟಲ್, ಅದರಾಚೆ 1994ರಿಂದ ಮತ್ತೆ ಹೊಗೆ ಉಗುಳುತ್ತಿರುವ ಪೊಪೊಕಾಟೆಪೆಟಲ್. ಬೆಳಿಗ್ಗೆ ಬೇಗ ಹೊರಡಿ, ಹೊತ್ತೇರಿದಂತೆ ಮೋಡ ಮುಚ್ಚುತ್ತದೆ. ಎಡಗಡೆ ಕೂತವರಿಗೆ ಸಿಗುವುದು ಎದುರಿನಿಂದ ಬರುವ ಲಾರಿಗಳು.

ಪುಯೆಬ್ಲಾದಲ್ಲಿ ಇಳಿದು ಸೆಮೀತಾ ತಿನ್ನಿ. ಎಳ್ಳು ಮೆತ್ತಿದ ದುಂಡು ಬನ್ನು, ಒಳಗೆ ಎಳೆಎಳೆಯಾದ ಚೀಸು, ಬೆಣ್ಣೆಹಣ್ಣು, ಮೆಣಸಿನಕಾಯಿ, ಘಾಟು ವಾಸನೆಯ ಪಾಪಲೊ ಸೊಪ್ಪು. ಮಾಂಸ ಒಲ್ಲದವರು ಮೊದಲೇ ಹೇಳಬೇಕು. ಹೇಳಿದರೂ ಎದುರಿನವರು ಒಮ್ಮೆ ಅನುಮಾನದಿಂದ ನೋಡುತ್ತಾರೆ.

ಮುಂದಿನ ಬಸ್ಸಿನಲ್ಲಿ ಎಡಗಡೆ ಮೊದಲು ಮಲಿಂಚೆ, ಆಮೇಲೆ ಒರಿಸಾಬಾ ಶಿಖರ. 5,600 ಮೀಟರ್ ಮೀರಿದ ಇದೇ ಮೆಕ್ಸಿಕೊದ ಅತಿ ಎತ್ತರದ ಬೆಟ್ಟ. ಅದನ್ನು ನೋಡುತ್ತಿರುವಾಗಲೇ ಎಸ್ಪೆರಾನ್ಸಾ ದಾಟಿ ರಸ್ತೆ ಮಾಲ್ಟ್ರಾಟಾದ ಘಾಟಿಗೆ ಬೀಳುತ್ತದೆ. ಪ್ರಸ್ಥಭೂಮಿ ಇಲ್ಲಿಗೆ ಮುಗಿಯಿತು. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬರುವ ಹಸಿಗಾಳಿ ಬೆಟ್ಟದ ಗೋಡೆಗೆ ಬಡಿದು ಮಂಜಾಗುತ್ತದೆ. ದೊಡ್ಡ ದೊಡ್ಡ ಟ್ರೇಲರುಗಳು ಕಡಿಮೆ ಗೇರಿನಲ್ಲಿ ನರಳುತ್ತ ಇಳಿಯುತ್ತವೆ, ನಮ್ಮ ಡ್ರೈವರೂ ಮಾತು ನಿಲ್ಲಿಸುತ್ತಾನೆ. ಆಚೆ ಇಳಿದರೆ ಬೇರೆಯೇ ಲೋಕ: ಒಣ ನೆಲ, ಕಳ್ಳಿ ಎಲ್ಲ ಮಾಯ, ಕೊರ್ಡೊಬಾದ ಸುತ್ತ ಕಾಫಿ, ಕಬ್ಬು, ಬಾಳೆ. ಸ್ವೆಟರು ತೆಗೆಯಬೇಕೆನಿಸುತ್ತದೆ, ಎಸಿ ಬಿಡುವುದಿಲ್ಲ.

ರಾತ್ರಿ ಬಸ್ಸು ಹಿಡಿದರೆ ಹೋಟೆಲ್ ಬಾಡಿಗೆ ಉಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಉಳಿಯುತ್ತದೆ. ಆದರೆ ಮೇಲಿನದೆಲ್ಲ ಕತ್ತಲಲ್ಲಿ ಹೋಯಿತಲ್ಲ. ರಾತ್ರಿ ಪ್ರಯಾಣವನ್ನು ಮೆರಿಡಾದಂಥ ದೂರದ ಊರಿಗೆ ಇಟ್ಟುಕೊಳ್ಳಿ. ಒಂದು ಹಗಲಿಗೆ ಮುಗಿಯದ ದಾರಿ ಅದು, ತಬಾಸ್ಕೊ ಹೊಕ್ಕ ಮೇಲೆ ಗಂಟೆಗಟ್ಟಲೆ ಚಪ್ಪಟೆ ನೆಲ. ಅಲ್ಲಿಗೆ ಹೊರಟವರು ಪ್ಲಾಟಿನೊ ಸೀಟಿಗೆ ಕಾಸು ಸುರಿದರೆ ನಾನು ತುಟಿ ಎರಡು ಮಾಡುವುದಿಲ್ಲ.